ಬೆಳಗ್ಗೆ ಆಲೆಮನೆ, ಮಧ್ಯಾಹ್ನ ವೈನರಿ: ಮೈಸೂರು ರಸ್ತೆಯಲ್ಲಿ ಒಂದು ದಿನ

ನೀವು ನಾಲ್ಕು ಜನ, ಒಂದು ಕಾರು. ಬೆಂಗಳೂರಿನಿಂದ ಹೊರಟು ವೈನರಿಯನ್ನೂ, ಊರ ತಿನಿಸು ತಯಾರಿಸುವವರನ್ನೂ ಒಂದೇ ದಿನದಲ್ಲಿ ನೋಡಿ ಬರಬೇಕು, ನಂದಿ ಕಡೆಯೋ ಮೈಸೂರು ರಸ್ತೆಯೋ ಅಂತ ಕೇಳಿದ್ದೀರಿ. ವೈನ್ ಒಂದೇ ಮುಖ್ಯವಾದರೆ ನಂದಿ ಕಡೆ, ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ಜಂಪಾ ವೈನರಿಗೆ ಹೋಗಿ. ತಿನಿಸೂ ಬೇಕೆಂದರೆ ಮೈಸೂರು ರಸ್ತೆಗೆ ಸಾಟಿ ಇಲ್ಲ. ಹೋಗುತ್ತಾ ಬಿಡದಿ, ಆಮೇಲೆ ನೇರ ಮಂಡ್ಯ. ವಾಪಸು ಬರುತ್ತಾ ಮದ್ದೂರು, ಕೊನೆಗೆ ಚನ್ನಪಟ್ಟಣದ ಬಳಿಯ ಹೆರಿಟೇಜ್ ವೈನರಿ. ವೈನರಿಯನ್ನು ಕೊನೆಗೇ ಇಟ್ಟುಕೊಳ್ಳಿ. ಮೊದಲೇ ಕೊಂಡ ಬಾಟಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಬೆಂದು ಕೆಡುತ್ತದೆ.

ಜನ ಎಡವುವುದು ರಸ್ತೆಯಲ್ಲೇ. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಪೂರ್ತಿಯಾದ ಮೇಲೆ ಈ ಊರುಗಳೆಲ್ಲ ಪಕ್ಕಕ್ಕೋ ಕೆಳಕ್ಕೋ ಸರಿದುಹೋಗಿವೆ. ಬಿಡದಿ, ರಾಮನಗರ, ಚನ್ನಪಟ್ಟಣಕ್ಕೆ ಬೈಪಾಸ್, ಮದ್ದೂರಿನ ಮೇಲೆ ಮೇಲ್ಸೇತುವೆ. ಮ್ಯಾಪಿನಲ್ಲಿ ಬರೀ ಮಂಡ್ಯ ಅಂತ ಹಾಕಿದರೆ ಒಂದೂರೂ ಕಾಣದೆ ದಾಟಿಬಿಡುತ್ತೀರಿ. ಬಿಡದಿಗೆ ಹಳೆ ರಸ್ತೆಯಲ್ಲೇ ಹೋಗಿ, ತಿಂಡಿ ಆದ ಮೇಲೆ ಮಂಡ್ಯದವರೆಗೆ ಎಕ್ಸ್‌ಪ್ರೆಸ್‌ವೇ ಹಿಡಿಯಿರಿ, ವಾಪಸು ಮತ್ತೆ ಹಳೆ ರಸ್ತೆ. ಬೈಕಿನವರು ಜೊತೆಗಿದ್ದರೆ ಅವರಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ.

ಏಳು ಗಂಟೆಗೆ ಬಿಡದಿಯಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ. ಒಬ್ಬರಿಗೆ ಎರಡು ಸಾಕು, ಮುಂದೆ ತಿನ್ನುವುದು ಬಹಳ ಇದೆ.

ಒಂಬತ್ತರ ಹೊತ್ತಿಗೆ ಮಂಡ್ಯದ ಆಲೆಮನೆಯಲ್ಲಿರಿ. ಇಡೀ ದಿನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಸೋಸಿ ಕೊಪ್ಪರಿಗೆಗೆ ಬಿಡುತ್ತಾರೆ. ಹುಳಿ ಮುರಿಯಲು ಸುಣ್ಣದ ತಿಳಿ, ಕೊಳೆ ಮೇಲೆ ಬರಲು ಬೆಂಡೆ ಗಿಡದ ಲೋಳೆ. ಉರಿಗೆ ಒಣಗಿಸಿದ ರಚ್ಚು, ಅಂದರೆ ಹಾಲು ಹಿಂಡಿದ ಮೇಲೆ ಉಳಿದ ಕಬ್ಬಿನ ಸಿಪ್ಪೆ. ಮಳೆ ಹಿಡಿದರೆ ರಚ್ಚು ಒಣಗುವುದಿಲ್ಲ, ಒಲೆ ನಿಲ್ಲುತ್ತದೆ. ಹಾಗಾಗಿ ಮಳೆಗಾಲದಲ್ಲಿ ಹೋಗಿ ಬೇಸರಪಡಬೇಡಿ. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸುತ್ತಾರೆ. ಥರ್ಮಾಮೀಟರ್ ಇಲ್ಲದೆಯೇ, ತಣ್ಣೀರಿಗೆ ನಾಲ್ಕು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುವ ಕೈಗಳವು. ಹದ ಮೊದಲೇ ಇಳಿಸಿದರೆ ಜೋನಿ ಬೆಲ್ಲ, ಮೀರಿದರೆ ಸೀದ ವಾಸನೆ. ಒಂದು ಟನ್ ಕಬ್ಬಿಗೆ ಹೆಚ್ಚುಕಮ್ಮಿ 100 ಕೆಜಿ ಬೆಲ್ಲ.

ಕೊಳ್ಳುವಾಗ ಹೊಳೆಯುವ ಹಳದಿಗೆ ಮರುಳಾಗಬೇಡಿ. ಅದು ಹೆಚ್ಚಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳಿಚಿಸಿದ್ದು, ಇಲ್ಲವೇ ಸಕ್ಕರೆ ಬೆರೆತದ್ದು. ಕಂದು ಬಣ್ಣದ್ದನ್ನು ಕೇಳಿ ತೆಗೆದುಕೊಳ್ಳಿ. ಬಿಸಿ ಅಚ್ಚನ್ನು ಪ್ಲಾಸ್ಟಿಕ್ಕಿಗೆ ತುಂಬಿದರೆ ಬೆವರಿ ಜಿನುಗುತ್ತದೆ, ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿಸಿಕೊಳ್ಳಿ. ಮೊದಲೇ ಒಂದು ಮಾತು: ಆಲೆಮನೆ ಪ್ರದರ್ಶನಕ್ಕೆ ಇಟ್ಟದ್ದಲ್ಲ. ಯಜಮಾನರನ್ನು ಕೇಳಿ ಒಳಗೆ ಹೋಗಿ, ಮಕ್ಕಳನ್ನು ಕೊಪ್ಪರಿಗೆಯಿಂದ ದೂರವಿಡಿ. ಪಾಕದ ಸುಟ್ಟಗಾಯ ನೀರಿನದಕ್ಕಿಂತ ಆಳ, ಯಾಕೆಂದರೆ ಅದು ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಮದ್ದೂರಿನಲ್ಲಿ ಎಳನೀರು ಕುಡಿದು ವಡೆ ತಿನ್ನಿ. ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾಕ್ಕೆ ಕಾದ ಎಣ್ಣೆ ಹಾಕಿ ಉಜ್ಜುವುದರಿಂದಲೇ ಅದಕ್ಕೆ ಆ ಗರಿಗರಿ. ಬೆಲ್ಲ ತಿಂದ ನಾಲಿಗೆ ವೈನ್‌ಗೆ ಸಿದ್ಧವಾಗಲು ಈ ನಡುವಿನ ಉಪ್ಪು, ಈರುಳ್ಳಿ ಬೇಕೇ ಬೇಕು. ಖಾರದ ಚಟ್ನಿ ಮಾತ್ರ ಬಿಡಿ, ಖಾರವಿದ್ದ ಬಾಯಿಗೆ ಕೆಂಪು ವೈನ್ ಬರೀ ಉರಿ.

ವೈನರಿಗೆ ಹಿಂದಿನ ದಿನವೇ ಫೋನ್ ಮಾಡಿ ಟೂರ್ ಮತ್ತು ಟೇಸ್ಟಿಂಗ್ ಕಾಯ್ದಿರಿಸಿ. ಚುನಾವಣೆ, ಅಕ್ಟೋಬರ್ 2 ಇಂಥ ಮದ್ಯ ಮಾರದ ಒಣದಿನಗಳಲ್ಲಿ ಹೋಗಿ ಪ್ರಯೋಜನವಿಲ್ಲ. ವಯಸ್ಸು 21 ದಾಟಿರಬೇಕು. ಬೆಳಗ್ಗೆ ಕಂಡದ್ದರ ಇನ್ನೊಂದು ಮಗ್ಗುಲು ಇಲ್ಲಿದೆ. ಕಬ್ಬಿನ ಹಾಲಿಗೆ ಹುದುಗು ಬರುವ ಮೊದಲೇ ಆಲೆಮನೆಯವರು ಕುದಿಸಿದರು, ಇಲ್ಲಿ ದ್ರಾಕ್ಷಿ ರಸಕ್ಕೆ ಬೇಕೆಂದೇ ಹುದುಗು ಬರಲು ಬಿಡುತ್ತಾರೆ. ಕೆಂಪಿಗೆ ಸಿಪ್ಪೆಸಮೇತ, ಬಿಳಿಗೆ ಸಿಪ್ಪೆ ಬೇರ್ಪಡಿಸಿ. ಬಾಯಲ್ಲಿ ಎಳೆ ಅಡಿಕೆಯಂಥ ಒಗರು ಬಂದರೆ ಅದು ಸಿಪ್ಪೆ, ಬೀಜದ ಟ್ಯಾನಿನ್. ರುಚಿ ನೋಡುವಾಗ ಮೊದಲು ಬಿಳಿ, ಆಮೇಲೆ ನಸುಗೆಂಪಿನ ರೋಸೆ, ಕೆಂಪು, ಕೊನೆಗೆ ಸಿಹಿ. ಸಿಹಿಯದು ಮುಂದೆ ಬಂದರೆ ಉಳಿದದ್ದೆಲ್ಲ ಹುಳಿಯೆನಿಸುತ್ತದೆ. ನಮ್ಮಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಆಗ ಬಿಸಿಲೂ ಇರುವುದರಿಂದ ಆಲೆಮನೆಯೂ ನಡೆಯುತ್ತಿರುತ್ತದೆ, ಹೋಗಲು ಅದೇ ಸರಿಯಾದ ಕಾಲ.

ಕಾರು ಓಡಿಸುವವರು ಒಂದು ಹನಿಯನ್ನೂ ಮುಟ್ಟಬಾರದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಐದು ಬಗೆಯನ್ನು ತಲಾ 40 ಮಿ.ಲೀ. ಕುಡಿದರೂ 200 ಮಿ.ಲೀ. ಆಯಿತು, ಮಿತಿ ಮೀರಲು ಅಷ್ಟು ಸಾಕು. ಮೊದಲ ಬಾರಿ ಸಿಕ್ಕಿಬಿದ್ದರೂ ದಂಡ 10,000 ರೂಪಾಯಿ, ಜೈಲು ಆರು ತಿಂಗಳವರೆಗೆ ಆಗಬಹುದು. ನಾಲ್ವರಿಗೂ ರುಚಿ ನೋಡುವ ಆಸೆಯಿದ್ದರೆ ದಿನದ ಬಾಡಿಗೆಗೆ ಚಾಲಕರನ್ನು ಕರೆದುಕೊಳ್ಳಿ, ಅವರ ಊಟ-ತಿಂಡಿಯ ಖರ್ಚು ನಿಮ್ಮದೇ ಇರಲಿ. ಬಾಟಲಿಯನ್ನು ಡಿಕ್ಕಿಯಲ್ಲಿ ಹಾಕದೆ, ಒದ್ದೆ ಟವಲು ಸುತ್ತಿ ಏಸಿ ಗಾಳಿ ತಾಗುವಂತೆ ಸೀಟಿನ ಕೆಳಗೆ ಮಲಗಿಸಿ.