ಬಿದ್ದು ನಟಿಸುವವನಿಗೆ ಕೆಂಪು ಕಾರ್ಡ್ ಮದ್ದಾದೀತೇ?

(ಮಂಗಳೂರಿನ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: ವೃತ್ತಿಪರ ಫುಟ್‌ಬಾಲ್‌ನಲ್ಲಿ ಯಾರೂ ತಾಗದಿದ್ದರೂ ನೆಲಕ್ಕುರುಳಿ ಪೆನಾಲ್ಟಿ ಗಿಟ್ಟಿಸುವ ಆಟಗಾರನಿಗೆ ಹಳದಿ ಕಾರ್ಡ್ ತೋರಿಸುವುದು ಶಿಕ್ಷೆಯೇ ಅಲ್ಲ. ಅಂಥವನಿಗೆ ಅಲ್ಲೇ ಕೆಂಪು ಕಾರ್ಡ್ ಕೊಟ್ಟು ಹೊರಗಟ್ಟಬೇಕು, ಆ ಮೋಸದಿಂದ ಗೆದ್ದ ತಂಡದ ಅಂಕಗಳನ್ನೂ ಕಿತ್ತುಕೊಳ್ಳಬೇಕು. ಶಾಲಾ ಪಂದ್ಯಗಳಲ್ಲಿ ಮಕ್ಕಳೂ ಇದನ್ನೇ ಕಲಿಯುತ್ತಿರುವುದಕ್ಕೆ ಏನು ಮಾಡಬೇಕೆಂದೂ ಅವರು ಕೇಳಿದ್ದಾರೆ.)

ಮಾನ್ಯರೇ,

ನಿಮ್ಮ ಸಿಟ್ಟಿನಲ್ಲಿ ನಮಗೂ ಪಾಲಿದೆ. ಆದರೆ ನೀವು ಹೇಳಿದ ಮದ್ದನ್ನು ಒಪ್ಪಲು ನಮಗೆ ಸಾಧ್ಯವಾಗುತ್ತಿಲ್ಲ. ಈ ವಂಚನೆ ಬೆಳೆದದ್ದು ಶಿಕ್ಷೆ ಸಣ್ಣದಾಗಿದೆ ಎಂಬ ಕಾರಣಕ್ಕಲ್ಲ, ಶಿಕ್ಷೆಯೇ ಆಗುವುದಿಲ್ಲ ಎಂಬ ಕಾರಣಕ್ಕೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಆರು ವೃತ್ತಿಪರ ಲೀಗ್‌ಗಳ 60 ಪಂದ್ಯಗಳ ದೃಶ್ಯಗಳನ್ನು ಕುಳಿತು ನೋಡಿ, ಆಟಗಾರರು ನೆಲಕ್ಕೆ ಬಿದ್ದ 2,800ಕ್ಕೂ ಹೆಚ್ಚು ಸಂದರ್ಭಗಳನ್ನು ಒಂದೊಂದಾಗಿ ಪರಿಶೀಲಿಸಿ, 2011ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವುಗಳಲ್ಲಿ ಸುಮಾರು ಶೇ 6ರಷ್ಟು ಶುದ್ಧ ನಾಟಕ ಎಂದು ಅವರು ಗುರುತಿಸಿದರು. ಆ ನಾಟಕಗಳಲ್ಲಿ ಒಂದಕ್ಕೂ ರೆಫರಿ ಕಾರ್ಡ್ ತೋರಿಸಿರಲಿಲ್ಲ. 1999ರಿಂದ ನಿಯಮ ಪುಸ್ತಕದಲ್ಲಿ ಇರುವ ಹಳದಿ ಕಾರ್ಡೇ ಜೇಬಿನಿಂದ ಹೊರಬರದಿರುವಾಗ, ಅದರ ಜಾಗದಲ್ಲಿ ಕೆಂಪು ಕಾರ್ಡ್ ಇಟ್ಟರೆ ರೆಫರಿಯ ಕೈ ಇನ್ನಷ್ಟು ಹಿಂಜರಿಯುತ್ತದೆಯೇ ಹೊರತು ಚುರುಕಾಗುವುದಿಲ್ಲ.

ಆ ಹಿಂಜರಿಕೆಗೆ ರೆಫರಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಟಿವಿ ಮುಂದೆ ಕುಳಿತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ತಾಗಿತೋ, ಇಲ್ಲವೋ? ನಿಯಮದ ಹನ್ನೆರಡನೇ ವಿಧಿ ಕೇಳುವ ಪ್ರಶ್ನೆ ಬೇರೆ. ಅದರ ಪ್ರಕಾರ ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಬೀಳಿಸುವುದು ಮಾತ್ರವಲ್ಲ, ಬೀಳಿಸಲು ಯತ್ನಿಸುವುದೂ ಫೌಲ್. ಹೀಗಾಗಿ ಅಡ್ಡಬಂದ ಕಾಲನ್ನು ತಪ್ಪಿಸಿಕೊಳ್ಳಲು ಮೇಲಕ್ಕೆ ಹಾರಿ ಆಯ ತಪ್ಪಿ ಬಿದ್ದವನು, ಎದುರಾಳಿ ಕೂದಲೆಳೆಯಷ್ಟೂ ತಾಗದಿದ್ದರೂ, ನ್ಯಾಯವಾಗಿಯೇ ಫೌಲ್ ಪಡೆಯಬಹುದು. ಅದೇ ರೀತಿ, ಭುಜಕ್ಕೆ ಭುಜ ತಗುಲಿದ್ದು ನಿಜವಾದರೂ ಅದು ಫೌಲ್ ಆಗಬೇಕೆಂದಿಲ್ಲ. ಅಷ್ಟು ತಾಗಿದ್ದಕ್ಕೇ ಗುಂಡೇಟು ಬಿದ್ದವನಂತೆ ಕೈಯೆತ್ತಿ ಉರುಳಿದರೆ ಅದು ವಂಚನೆಯೇ. ಇವೆರಡರ ನಡುವಿನ ಗೆರೆಯನ್ನು ಓಡುತ್ತಲೇ, ಒಂದೇ ಕೋನದಿಂದ, ಒಂದೇ ಸಲ ನೋಡಿ ಎಳೆಯಬೇಕಾದವನ ಕೈಗೆ ನೀವು ಕೆಂಪು ಕಾರ್ಡ್ ಕೊಡುತ್ತಿದ್ದೀರಿ.

ಅಲ್ಲಿ ಕಣ್ಣು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2002ರ ವಿಶ್ವಕಪ್‌ನ ಇಟಲಿ–ದಕ್ಷಿಣ ಕೊರಿಯಾ ಪಂದ್ಯವನ್ನು ನೆನೆಯಬಹುದು. ಸ್ಕೋರ್ 1–1ರಲ್ಲಿ ಸಮವಾಗಿದ್ದು ಹೆಚ್ಚುವರಿ ಸಮಯದ ಆಟ ನಡೆಯುತ್ತಿತ್ತು. ಪೆನಾಲ್ಟಿ ಆವರಣದೊಳಗೆ ಬಿದ್ದ ಫ್ರಾನ್ಸೆಸ್ಕೊ ಟಾಟಿಗೆ ಈಕ್ವೆಡಾರ್‌ನ ರೆಫರಿ ಬೈರನ್ ಮೊರೆನೊ ನಟನೆಯ ಆರೋಪದ ಮೇಲೆ ಹಳದಿ ಕಾರ್ಡ್ ತೋರಿಸಿದರು. ಅದು ಟಾಟಿಯ ಎರಡನೇ ಹಳದಿಯಾದ್ದರಿಂದ ಅವರು ಹೊರನಡೆದರು, ಹತ್ತೇ ಮಂದಿ ಉಳಿದ ಇಟಲಿ ಗೋಲ್ಡನ್ ಗೋಲಿಗೆ (ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರೇ ಗೆಲ್ಲುವ ಅಂದಿನ ನಿಯಮ) ಸೋತು ಮನೆಗೆ ಹೋಯಿತು. ಅದು ಪೆನಾಲ್ಟಿ ಅಲ್ಲದಿರಬಹುದು, ಆದರೆ ನಟನೆಯೂ ಅಲ್ಲ ಎಂದು ವಾದಿಸುವವರು ಇಂದಿಗೂ ಇದ್ದಾರೆ. ನಾವು ಅವರ ಪಕ್ಷ.

ಹಾಗಾದರೆ ವಂಚಕನನ್ನು ಸುಮ್ಮನೆ ಬಿಡಬೇಕೇ? ಖಂಡಿತ ಇಲ್ಲ. ಆದರೆ ದೊಡ್ಡ ಶಿಕ್ಷೆ ಪಂದ್ಯ ಮುಗಿದ ಮೇಲೆ, ಎಲ್ಲ ಕೋನಗಳ ದೃಶ್ಯಗಳನ್ನು ತಣ್ಣಗೆ ಕುಳಿತು ನೋಡಿದವರಿಂದ ಬರಬೇಕು. ಜರ್ಮನಿಯಲ್ಲಿ ಇದರ ಆರಂಭ ತಡವಾಗಿಯೇನೂ ಆಗಲಿಲ್ಲ. 1995ರ ಏಪ್ರಿಲ್‌ನಲ್ಲಿ ಕಾರ್ಲ್ಸ್‌ರೂಹ ವಿರುದ್ಧ ಬೊರುಸ್ಸಿಯಾ ಡಾರ್ಟ್‌ಮಂಡ್ 0–1ರಿಂದ ಹಿಂದಿತ್ತು. ಪೆನಾಲ್ಟಿ ಆವರಣಕ್ಕೆ ನುಗ್ಗಿದ ಆಂಡ್ರೆಯಾಸ್ ಮೋಲರ್, ಎದುರಾಳಿ ಡಿರ್ಕ್ ಶುಸ್ಟರ್ ಇನ್ನೂ ದೂರದಲ್ಲಿರುವಾಗಲೇ, ಕಾಲು ಮುರಿದವರಂತೆ ಗಾಳಿಯಲ್ಲಿ ಹಾರಿ ಬಿದ್ದರು. ರೆಫರಿ ಪೆನಾಲ್ಟಿ ಕೊಟ್ಟರು. ಸ್ಕೋರ್ ಸಮವಾಯಿತು, ಕೊನೆಗೆ ಡಾರ್ಟ್‌ಮಂಡ್ 2–1ರಿಂದ ಗೆದ್ದಿತು. ತಾನು ಪೆಟ್ಟಿನಿಂದ ರಕ್ಷಿಸಿಕೊಳ್ಳಲು ಬಿದ್ದದ್ದು ಎಂಬುದು ಮೋಲರ್ ಕೊಟ್ಟ ವಿವರಣೆ. ಹಿಂದೆ ಹೇಳಿದ ವಿಧಿಯನ್ನು ಇಷ್ಟು ಜಾಣತನದಿಂದ ಬಳಸಿಕೊಂಡವರು ಕಡಿಮೆ! ಜರ್ಮನ್ ಫುಟ್‌ಬಾಲ್ ಸಂಸ್ಥೆ ಅದನ್ನು ನಂಬದೆ ಅವರಿಗೆ ಎರಡು ಪಂದ್ಯಗಳ ನಿಷೇಧ ಮತ್ತು 10,000 ಮಾರ್ಕ್ ದಂಡ ವಿಧಿಸಿತು. ಆದರೆ ಪಂದ್ಯದ ಫಲಿತಾಂಶ ಬದಲಾಗಲಿಲ್ಲ. ಋತು ಮುಗಿದಾಗ ಡಾರ್ಟ್‌ಮಂಡ್ 49 ಅಂಕಗಳೊಂದಿಗೆ ಚಾಂಪಿಯನ್, ವೆರ್ಡರ್ ಬ್ರೆಮನ್ 48 ಅಂಕಗಳೊಂದಿಗೆ ಎರಡನೆಯ ಸ್ಥಾನ. ಗೆಲುವಿಗೆ ಎರಡು ಅಂಕ ಕೊಡುತ್ತಿದ್ದ ಕಾಲವದು.

ಈ ಲೆಕ್ಕ ನೋಡಿದರೆ ಅಂಕ ಕಿತ್ತುಕೊಳ್ಳಬೇಕೆಂಬ ನಿಮ್ಮ ವಾದಕ್ಕೆ ಬಲ ಬರುತ್ತದೆ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೂ ಆ ಪೆನಾಲ್ಟಿ ಇಲ್ಲದಿದ್ದರೆ ಪಂದ್ಯ ಹೇಗೆ ಮುಗಿಯುತ್ತಿತ್ತು ಎಂದು ಯಾವ ಸಮಿತಿ ತಾನೇ ಹೇಳಬಲ್ಲದು? ಉಳಿದ ಸಮಯದಲ್ಲಿ ಡಾರ್ಟ್‌ಮಂಡ್ ಬೇರೆ ಎರಡು ಗೋಲು ಹೊಡೆಯುತ್ತಿರಲಿಲ್ಲ ಎಂದು ಪ್ರಮಾಣ ಮಾಡುವವರು ಯಾರು? ಇಡೀ ತಂಡಕ್ಕೆ ಶಿಕ್ಷೆಯಾದ ಪ್ರಸಿದ್ಧ ಉದಾಹರಣೆಯೆಂದರೆ ಚಿಲಿಯದ್ದು. 1989ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್ ವಿರುದ್ಧ ಅದರದೇ ಮರಕಾನಾ ಕ್ರೀಡಾಂಗಣದಲ್ಲಿ, ಪ್ರೇಕ್ಷಕರ ಕಡೆಯಿಂದ ಬಂದ ಪಟಾಕಿಯೊಂದು ಹತ್ತಿರ ಬಿದ್ದಾಗ, ಗೋಲ್‌ಕೀಪರ್ ರೊಬೆರ್ಟೊ ರೊಹಾಸ್ ಬಚ್ಚಿಟ್ಟು ತಂದಿದ್ದ ಬ್ಲೇಡಿನಿಂದ ತನ್ನನ್ನು ತಾನೇ ಕೊಯ್ದುಕೊಂಡು ರಕ್ತ ಸುರಿಸುತ್ತ ಬಿದ್ದರು, ತಂಡ ಮೈದಾನ ಬಿಟ್ಟು ಹೊರನಡೆಯಿತು. ಫಿಫಾ ಪಂದ್ಯವನ್ನು ಬ್ರೆಜಿಲ್‌ಗೆ ಕೊಟ್ಟಿತು, 1994ರ ವಿಶ್ವಕಪ್‌ನ ಅರ್ಹತಾ ಸುತ್ತಿನಿಂದ ಚಿಲಿಯನ್ನು ಹೊರಗಿಟ್ಟಿತು, ರೊಹಾಸ್‌ಗೆ ಆಜೀವ ನಿಷೇಧ ಹೇರಿತು. (2001ರಲ್ಲಿ ಅದನ್ನು ತೆರವುಗೊಳಿಸಲಾಯಿತು.) ಅಲ್ಲಿದ್ದದ್ದು ಮೊದಲೇ ಯೋಚಿಸಿ ಮಾಡಿದ ಸಂಚು. ಅರೆಕ್ಷಣದ ದುರಾಸೆಗೆ ಬಿದ್ದ ಆಟಗಾರನ ತಪ್ಪನ್ನು ಅದರ ಪಕ್ಕದಲ್ಲಿಡಲಾಗದು.

ಪಂದ್ಯದ ನಂತರದ ವಿಚಾರಣೆಯೂ ಸುಲಭವಲ್ಲ. 2009ರಲ್ಲಿ ಸೆಲ್ಟಿಕ್ ವಿರುದ್ಧ ಪೆನಾಲ್ಟಿ ಗಿಟ್ಟಿಸಿದ ಆರ್ಸೆನಲ್‌ನ ಎಡುವಾರ್ಡೊಗೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಎರಡು ಪಂದ್ಯಗಳ ನಿಷೇಧ ವಿಧಿಸಿತು. ಅದೇ ಸಂಸ್ಥೆಯ ಮೇಲ್ಮನವಿ ಸಮಿತಿ, ರೆಫರಿ ವಂಚಿತರಾದರೆಂಬುದು ತೃಪ್ತಿಕರವಾಗಿ ಸಾಬೀತಾಗಿಲ್ಲ ಎಂದು ಕೆಲವೇ ದಿನಗಳಲ್ಲಿ ಅದನ್ನು ರದ್ದುಗೊಳಿಸಿತು. ಇಂಗ್ಲೆಂಡ್ 2017–18ರ ಋತುವಿನಲ್ಲಿ ತಂದ ವ್ಯವಸ್ಥೆ ನಮಗೆ ಹೆಚ್ಚು ಹಿಡಿಸುತ್ತದೆ. ಒಬ್ಬ ಮಾಜಿ ರೆಫರಿ, ಒಬ್ಬ ಮಾಜಿ ಮ್ಯಾನೇಜರ್ ಮತ್ತು ಒಬ್ಬ ಮಾಜಿ ಆಟಗಾರ ಬೇರೆಬೇರೆಯಾಗಿ ದೃಶ್ಯ ನೋಡಬೇಕು. ಮೂವರೂ ಒಪ್ಪಿದರೆ ಮಾತ್ರ ಆರೋಪ, ಅದೂ ನಟನೆಯಿಂದ ಪೆನಾಲ್ಟಿ ಸಿಕ್ಕಿದ್ದರೆ ಇಲ್ಲವೇ ಎದುರಾಳಿ ಹೊರಹೋಗಿದ್ದರೆ ಮಾತ್ರ. ಸಾಬೀತಾದರೆ ಎರಡು ಪಂದ್ಯಗಳ ನಿಷೇಧ. ಪ್ರೀಮಿಯರ್ ಲೀಗ್‌ನಲ್ಲಿ ಇದಕ್ಕೆ ಮೊದಲು ಗುರಿಯಾದವರು ಎವರ್ಟನ್‌ನ ಉಮರ್ ನಿಯಾಸ್. ಕ್ರಿಸ್ಟಲ್ ಪ್ಯಾಲೇಸ್‌ನ ಸ್ಕಾಟ್ ಡ್ಯಾನ್ ನಿಯಾಸ್‌ಗೆ ತುಸು ತಾಗಿದ್ದು ನಿಜ, ಆದರೆ ಬಿದ್ದ ರೀತಿ ಆ ತಾಗುವಿಕೆಗೆ ಮೀರಿದ್ದು ಎಂಬುದು ಸಮಿತಿಯ ತೀರ್ಮಾನ. ನಾವು ಮೇಲೆ ಹೇಳಿದ ಸೂಕ್ಷ್ಮ ಗೆರೆಯನ್ನು ಅವರು ಎಳೆದರು, ಎಳೆಯಲು ಅವರಿಗೆ ಸಮಯವೂ ಇತ್ತು.

ನಿಷೇಧದ ಜಾಗದಲ್ಲಿ ಬರೀ ದಂಡ ಇಟ್ಟರೆ ಪ್ರಯೋಜನವಿಲ್ಲ. 2002ರ ವಿಶ್ವಕಪ್‌ನ ಉಲ್ಸಾನ್ ಪಂದ್ಯದಲ್ಲಿ ಕಾರ್ನರ್ ಹೊಡೆಯಲು ನಿಂತಿದ್ದ ಬ್ರೆಜಿಲ್‌ನ ರಿವಾಲ್ಡೊ ಕಡೆಗೆ ಟರ್ಕಿಯ ಹಕಾನ್ ಉನ್ಸಾಲ್ ಚೆಂಡನ್ನು ಒದ್ದರು. ಚೆಂಡು ಬಡಿದದ್ದು ಕಾಲಿಗೆ, ರಿವಾಲ್ಡೊ ಹಿಡಿದುಕೊಂಡು ಉರುಳಿದ್ದು ಮುಖವನ್ನು. ಉನ್ಸಾಲ್ ಹೊರಹೋದರು. ರಿವಾಲ್ಡೊಗೆ ಹನ್ನೊಂದು ಸಾವಿರ ಚಿಲ್ಲರೆ ಸ್ವಿಸ್ ಫ್ರಾಂಕ್ ದಂಡ ಬಿತ್ತು. ಅವರು ಮುಂದಿನ ಪಂದ್ಯಗಳನ್ನೆಲ್ಲ ಆಡಿ ವಿಶ್ವಕಪ್ ಗೆದ್ದರು.

ಇನ್ನೊಂದು ಮಾತು. ಮೈದಾನದಲ್ಲಿ ಪ್ರಾಮಾಣಿಕನಿಗೆ ಸಿಗುವುದಾದರೂ ಏನು? ಅಂಗಿ ಹಿಡಿದು ಜಗ್ಗಿದರೂ ಬೀಳದೆ ಮುಂದೆ ಓಡಿದವನಿಗೆ ಬಹುಪಾಲು ರೆಫರಿಗಳು ಫೌಲ್ ಕೊಡುವುದಿಲ್ಲ, ಬಿದ್ದವನಿಗೆ ಕೊಡುತ್ತಾರೆ. ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರು ಗೋಲಾಗುತ್ತವೆ ಎಂಬುದು ಪ್ರತಿ ಆಟಗಾರನಿಗೂ ಗೊತ್ತಿರುವಾಗ, ನಿಂತೇ ಇರು ಎಂದು ಅವನಿಗೆ ಹೇಳುವುದು ಹೇಗೆ? 1997ರಲ್ಲಿ ಆರ್ಸೆನಲ್‌ನ ಹೈಬರಿ ಮೈದಾನದಲ್ಲಿ ಲಿವರ್‌ಪೂಲ್‌ನ ರಾಬಿ ಫೌಲರ್, ಗೋಲ್‌ಕೀಪರ್ ಡೇವಿಡ್ ಸೀಮನ್ ತನ್ನನ್ನು ಬೀಳಿಸಲಿಲ್ಲ ಎಂದು ಕೈಯಾಡಿಸಿ ಹೇಳಿದರೂ ರೆಫರಿ ಪೆನಾಲ್ಟಿಯನ್ನು ಹಿಂಪಡೆಯಲಿಲ್ಲ. 2014ರಲ್ಲಿ ನ್ಯೂರೆಂಬರ್ಗ್ ವಿರುದ್ಧ ಬ್ರೆಮನ್‌ನ ಆರನ್ ಹಂಟ್ ತಾನೇ ಬಿದ್ದೆನೆಂದು ಒಪ್ಪಿಕೊಂಡಾಗ ರೆಫರಿ ಮಾನುಯೆಲ್ ಗ್ರೇಫೆ ತೀರ್ಪು ಬದಲಿಸಿದರು. ಆದ್ದರಿಂದ ನಿಷೇಧದ ಜೊತೆಗೇ, ನಿಂತವನಿಗೂ ಫೌಲ್ ಕೊಡುವಂತೆ ರೆಫರಿಗಳನ್ನು ತಯಾರು ಮಾಡಬೇಕು. 2018ರಿಂದ ವಿಶ್ವಕಪ್‌ನಲ್ಲಿ ಬಂದ ವಿಡಿಯೊ ರೆಫರಿ ವ್ಯವಸ್ಥೆ ಸುಳ್ಳು ಪೆನಾಲ್ಟಿಯನ್ನು ಅಲ್ಲೇ ಅಳಿಸಬಲ್ಲದು. ಕೋಸ್ಟರಿಕಾ ವಿರುದ್ಧ ನೇಮಾರ್ ಪಡೆದ ಪೆನಾಲ್ಟಿಯನ್ನು ಅದು ಅಳಿಸಿತು ಕೂಡ, ಆದರೆ ಬಿದ್ದದ್ದಕ್ಕೆ ನೇಮಾರ್ ಹಳದಿ ಕಾರ್ಡನ್ನೂ ಕಾಣಲಿಲ್ಲ. ಪರದೆಯ ಮುಂದೆ ನಿಂತು ಎಲ್ಲವನ್ನೂ ನೋಡಿದ ಮೇಲೂ ಕಾರ್ಡ್ ತೆಗೆಯದಿರುವುದಕ್ಕೆ ಮಾತ್ರ ನಮ್ಮಲ್ಲಿ ಯಾವ ಸಮರ್ಥನೆಯೂ ಇಲ್ಲ.

ಇನ್ನು ಮಕ್ಕಳ ವಿಷಯ. ಶಾಲಾ ಪಂದ್ಯಕ್ಕೆ ಕ್ಯಾಮೆರಾ ಇಲ್ಲ, ಸಮಿತಿ ಇಲ್ಲ, ಸೀಟಿ ಹಿಡಿದ ದೈಹಿಕ ಶಿಕ್ಷಕರು ಎಷ್ಟೋ ಕಡೆ ಒಬ್ಬರೇ. ಆದರೆ ಅಲ್ಲಿ ವೃತ್ತಿಪರ ಆಟದಲ್ಲಿ ಇಲ್ಲದ ಒಂದು ಅನುಕೂಲವಿದೆ. ತನ್ನ ಹುಡುಗ ನಿಜವಾಗಿ ಬಿದ್ದನೋ ಬೇಕೆಂದೇ ಬಿದ್ದನೋ ಎಂಬುದು ಅವನ ಕೋಚ್‌ಗೆ ಸಾಕ್ಷಿಯಿಲ್ಲದೆಯೂ ತಿಳಿಯುತ್ತದೆ. ಬೇಕೆಂದೇ ಬಿದ್ದ ಹುಡುಗನನ್ನು, ಅವನು ತಂದುಕೊಟ್ಟ ಪೆನಾಲ್ಟಿ ಗೋಲಾಗಿದ್ದರೂ ಸರಿ, ಕೋಚ್ ಕೂಡಲೇ ಹೊರಗೆ ಕರೆದು ಬೇರೆಯವನನ್ನು ಇಳಿಸಲಿ, ಕಾರಣವನ್ನು ಉಳಿದ ಹುಡುಗರ ಮುಂದೆಯೇ ಹೇಳಲಿ. ನಿಮ್ಮ ಊರಿನ ಶಾಲೆಗಳ ಕೋಚ್‌ಗಳು ಇದನ್ನು ಒಂದು ಋತು ಜಾರಿಗೆ ತಂದರೆ, ಏನಾಯಿತೆಂದು ದಯವಿಟ್ಟು ನಮಗೆ ಮತ್ತೆ ಬರೆಯಿರಿ.

– ಸಂಪಾದಕರು