ಬೆಂಗಳೂರಿನ ಕೆಲಸ ಹೋಗಿದೆ, ಈಗ ಮಡಿಕೇರಿಯಲ್ಲಿದ್ದೇನೆ. ಇಲ್ಲಿಂದಲೇ ಡಿಸೈನ್ ಕೆಲಸ ಹುಡುಕಬಹುದಾ, ವಾಪಸ್ ಹೋಗಬೇಕಾ?

ಏಜೆನ್ಸಿಯಲ್ಲಿ ಒಂದು ವರ್ಷ ಇಲಸ್ಟ್ರೇಶನ್, ಡಿಸೈನ್ ಮಾಡಿದ್ದೀರಿ. ಜನ ಕಡಿಮೆ ಮಾಡಿದಾಗ ನಿಮ್ಮ ಕೆಲಸ ಹೋಯಿತು. ಊರಿಗೆ ಬಂದಾಗಿನಿಂದ ಅರ್ಜಿ ಹಾಕುತ್ತಲೇ ಇದ್ದೀರಿ, ಉತ್ತರವೇ ಬರುತ್ತಿಲ್ಲ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅಂತಿದ್ದಾರೆ. ಇಷ್ಟು ನಿಮ್ಮ ಪ್ರಶ್ನೆಯಿಂದ ತಿಳಿಯಿತು.

ನಾನು ವಿರಾಜಪೇಟೆಯಲ್ಲಿದ್ದುಕೊಂಡು ಪ್ಯಾಕೇಜಿಂಗ್, ಬ್ರ್ಯಾಂಡಿಂಗ್ ಕೆಲಸ ಮಾಡುತ್ತೇನೆ. ಕೆಲಸ ಜಾಸ್ತಿ ಬಂದಾಗ ಬೇರೆಯವರನ್ನೂ ಸೇರಿಸಿಕೊಳ್ಳುತ್ತೇನೆ. ಹಾಗಾಗಿ ಪೋರ್ಟ್‌ಫೋಲಿಯೊ, ಅಂದರೆ ತಾವು ಮಾಡಿದ ಕೆಲಸಗಳ ಸಂಗ್ರಹ, ಕಳಿಸಿದವರಲ್ಲಿ ಯಾರನ್ನು ಕರೆಯಬೇಕು ಅಂತ ನಿರ್ಧರಿಸುವ ಕಡೆಯಲ್ಲೂ ಕೂತು ಗೊತ್ತು. ಡಿಸೈನರ್‌ಗಳು ಕೆಲಸ ತೋರಿಸುವ ಬಿಹಾನ್ಸ್ ತಾಣದಲ್ಲಿ ನೀವು ಹಾಕಿರುವ ಲಿಂಕ್ ನೋಡಿದೆ. ಗೆರೆ ಚೆನ್ನಾಗಿದೆ, ಬಣ್ಣದ ಆಯ್ಕೆ ಇನ್ನೂ ಚೆನ್ನಾಗಿದೆ. ಆದರೆ ಉದ್ದಕ್ಕೂ ಬರೀ ಚಿತ್ರಗಳೇ. ಯಾರಿಗಾಗಿ ಮಾಡಿದ್ದು, ಅವರಿಗೆ ಏನು ಬೇಕಿತ್ತು, ನೀವು ಯಾಕೆ ಹೀಗೆ ಮಾಡಿದಿರಿ ಅನ್ನುವ ಒಂದು ಸಾಲೂ ಇಲ್ಲ. ಚಂದದ ಚಿತ್ರ ಬಿಡಿಸುವವರು ಈಗ ಎಲ್ಲ ಕಡೆ ಸಿಗುತ್ತಾರೆ. ಕೆಲಸ ಕೊಡುವವರು ಹುಡುಕುವುದು ಯೋಚನೆ ಮಾಡಿ ಮಾಡುವವರನ್ನು. ಆ ಯೋಚನೆ ನಿಮ್ಮ ಪುಟದಲ್ಲಿ ಕಾಣಬೇಕು.

ಕಾಫಿ ಪ್ಯಾಕೆಟ್‌ನ್ನೇ ತೆಗೆದುಕೊಳ್ಳಿ. ತೋಟದವರಲ್ಲಿ ಎಷ್ಟೋ ಜನ ಈಗ ತಾವೇ ಹುರಿದು, ತಮ್ಮ ಹೆಸರಲ್ಲೇ ಮಾರುತ್ತಿದ್ದಾರೆ. ಕಾಲು ಕೆಜಿ ಬೀಜದ ಪ್ಯಾಕೆಟ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಸಾಮಾನ್ಯವಾಗಿ ಮುಂಭಾಗದಲ್ಲಿ ಮೇಲ್ಗಡೆ ಗುಂಡಿಯಂಥ ಒಂದು ವಾಲ್ವ್ ಇರುತ್ತದೆ. ಹುರಿದ ಬೀಜ ಕೆಲವು ದಿನ ಕಾರ್ಬನ್ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಅದು ಹೊರಗೆ ಹೋಗಬೇಕು, ಗಾಳಿ ಒಳಗೆ ಬರಬಾರದು. ಅದಕ್ಕೇ ಆ ವಾಲ್ವ್. ಇದನ್ನು ಕೇಳಿಕೊಳ್ಳದೆ ಡಿಸೈನ್ ಮಾಡಿದರೆ ಲೋಗೊ ನಡುವೆಯೇ ತೂತು ಬೀಳುತ್ತದೆ. ಹಿಂದೆ ತಿರುಗಿಸಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ಸಸ್ಯಾಹಾರದ ಹಸಿರು ಗುರುತು. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಪರ್ಸೆಂಟ್ ಹಾಕಲೇಬೇಕು. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ ನಿಜ, ಆದರೆ ಆ ಗುರುತು ಬಳಸಲು ಬೆಳೆಗಾರರು ಅದಕ್ಕೆ ಹೆಸರು ನೋಂದಾಯಿಸಿಕೊಂಡಿರಬೇಕು. ಚಂದ ಕಾಣುತ್ತದೆ ಅಂತ ಸುಮ್ನೆ ಹಾಕುವ ಹಾಗಿಲ್ಲ.

ಇಷ್ಟೆಲ್ಲ ಗೊತ್ತಿಟ್ಟುಕೊಂಡು ಮಾಡಿದ ಒಂದೇ ಒಂದು ಪ್ಯಾಕೆಟ್ ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಇರಲಿ. ಮೊದಲು ಗೀಚಿದ ಪುಟ ತೋರಿಸಿ. ಬೇಡ ಅಂತ ಬಿಟ್ಟ ಡಿಸೈನ್ ತೋರಿಸಿ, ಯಾಕೆ ಬಿಟ್ಟಿರಿ ಅಂತ ಬರೆಯಿರಿ. ಕೊನೆಗೆ ಅಂಗಡಿಯಲ್ಲಿ ಇಟ್ಟಿರುವ ಪ್ಯಾಕೆಟ್‌ನ ಫೋಟೊ ಹಾಕಿ. ಇಂಥ ಮೂರು ಕೆಲಸ ಇದ್ದರೆ ಸಾಕು. ಉಳಿದ ಚಿತ್ರಗಳನ್ನು ತೆಗೆದುಬಿಡಿ. ತೆಗೆಯಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ತೆಗೆಯಿರಿ.

ಆ ಮೂರು ಕೆಲಸ ಎಲ್ಲಿಂದ ತರೋದು? ನಿಮ್ಮ ಸುತ್ತಲೇ ಇವೆ. ಹೋಮ್‌ಸ್ಟೇಗಳನ್ನು ಎಲ್ಲರೂ ಹೇಳುತ್ತಾರೆ, ಅದನ್ನು ಬಿಡಿ. ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿಯನ್ನು ನೋಡಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿದವು. ಪ್ರತಿ ವರ್ಷ ಬೇರೆ ಕುಟುಂಬ ನಡೆಸುತ್ತದೆ. ಅಂದರೆ ಪ್ರತಿ ವರ್ಷ ಹೊಸ ಹೆಸರು, ಹೊಸ ಲೋಗೊ, ಬ್ಯಾನರ್, ಆಮಂತ್ರಣ, ಸ್ಮರಣ ಸಂಚಿಕೆ. ಇನ್ನು ಮಡಿಕೇರಿ ದಸರಾ ನಿಮ್ಮ ಮನೆ ಬಾಗಿಲಲ್ಲೇ ಇದೆ. ವಿಜಯದಶಮಿ ರಾತ್ರಿ ಹೊರಡುವ ಹತ್ತು ಮಂಟಪಗಳಲ್ಲಿ ಕಥೆ, ಗೊಂಬೆ, ಲೈಟು, ಸೌಂಡು, ಚಲನೆ ಎಲ್ಲ ಸೇರಿ ಒಂದು ಸ್ಟುಡಿಯೊದ ಕೆಲಸವೇ ನಡೆಯುತ್ತದೆ. ಒಂದು ಮಂಟಪ ಸಮಿತಿಯವರ ಹತ್ತಿರ ಹೋಗಿ, ಕಥೆಯ ದೃಶ್ಯಗಳನ್ನು ಸ್ಟೋರಿಬೋರ್ಡ್ ಮಾಡಿಕೊಡಲಾ ಅಂತ ಕೇಳಿ. ಅನಿಮೇಶನ್ ಸ್ಟುಡಿಯೊಗೆ ಅರ್ಜಿ ಹಾಕುವಾಗ ಇದಕ್ಕಿಂತ ಒಳ್ಳೆಯ ಕೆಲಸ ಏನು ತೋರಿಸ್ತೀರಿ ಹೇಳಿ?

ಕೇಳುವ ಹೊತ್ತೂ ಮುಖ್ಯ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೋಟದವರು ಕುಯ್ಲು, ಒಣಗಿಸೋದು, ಆಳುಗಳ ಚಿಂತೆಯಲ್ಲಿರುತ್ತಾರೆ. ಆಗ ಹೋಗಿ ಲೋಗೊ ಅಂದರೆ ಯಾರು ಕೇಳುತ್ತಾರೆ? ಜೂನ್, ಜುಲೈ ಜಡಿಮಳೆಯಲ್ಲಿ ಮನೆಯಲ್ಲಿರುತ್ತಾರೆ, ಒಂದು ಲೋಟ ಕಾಫಿ ಕೊಟ್ಟು ಕೂತು ಮಾತಾಡುತ್ತಾರೆ. ಮಳೆ ಮುಗಿದು ಪ್ರವಾಸಿಗರು ಬರುವಷ್ಟರಲ್ಲಿ ಪ್ಯಾಕೆಟ್ ಅಂಗಡಿಗೆ ಬರಬೇಕು ಅನ್ನುವುದು ಅವರ ಲೆಕ್ಕ. ಆದರೆ ಅದೇ ತಿಂಗಳುಗಳಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. ಹೊರಗಿನ ಕ್ಲೈಂಟ್ ಇದ್ದರೆ ಇದನ್ನು ಮೊದಲೇ ತಿಳಿಸಿ, ಫೈಲ್‌ಗಳನ್ನು ಗಡುವಿಗೆ ಮೊದಲೇ ಕಳಿಸಿಬಿಡಿ. ತೀರಾ ಕಷ್ಟವಾದರೆ ಲ್ಯಾಪ್‌ಟಾಪ್ ಹಿಡಿದು ಕುಶಾಲನಗರಕ್ಕೆ ಇಳಿಯಬಹುದು, ಅಲ್ಲಿ ಮಳೆಯ ಕಾಟ ಕಡಿಮೆ.

ದುಡ್ಡಿನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪರಿಚಯದವರು, ನೆಂಟರು ಅಂತ ಪುಕ್ಕಟೆ ಮಾಡಬೇಡಿ. ಪುಕ್ಕಟೆ ಮಾಡಿದ್ದನ್ನು ಯಾರೂ ಅಂಗಡಿವರೆಗೆ ತರುವುದಿಲ್ಲ, ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತದೆ. ಅರ್ಧ ಮುಂಗಡ ತೆಗೆದುಕೊಂಡೇ ಶುರು ಮಾಡಿ. ಎಷ್ಟು ಸಲ ತಿದ್ದಿಕೊಡುತ್ತೀರಿ, ಏನೇನು ಫೈಲ್ ಕೊಡುತ್ತೀರಿ, ಎಲ್ಲೆಲ್ಲಿ ಬಳಸಬಹುದು ಅಂತ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಇದಕ್ಕೆ ಕಾರಣ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಇನ್ನೊಂದು ಕಡೆ, ದುಡ್ಡು ಕೊಟ್ಟು ಹೇಳಿ ಮಾಡಿಸಿದ ಫೋಟೊ, ಪೇಂಟಿಂಗ್‌ಗಳಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಾಡಿಸಿದವರೇ ಒಡೆಯರು. ಪೇಂಟಿಂಗ್ ಕೂಡ ಮಾಡಿಕೊಡುವುದಾದರೆ ಇದು ತಿಳಿದಿರಲಿ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿಕೊಳ್ಳಿ, ಆನ್‌ಲೈನ್‌ನಲ್ಲಿ ಆಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಕಂಪನಿಯವರು ಬಿಲ್ ಕೊಡದೆ ಮುಂದೆ ತಳ್ಳುತ್ತಾ ಹೋದರೆ, ಸಣ್ಣ ಉದ್ಯಮಗಳ ಬಿಲ್ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಅನ್ನುವ ನಿಯಮ ಹೇಳಿ ಕೇಳಬಹುದು.

ಅರ್ಜಿಗಳ ಬಗ್ಗೆ. ಪೋರ್ಟಲ್‌ನಲ್ಲಿ ಬಟನ್ ಒತ್ತುತ್ತಾ ಹೋಗುವುದನ್ನು ಕಡಿಮೆ ಮಾಡಿ. ನಿಮಗೆ ನಿಜಕ್ಕೂ ಇಷ್ಟವಾದ ಸ್ಟುಡಿಯೊಗಳನ್ನು ಆರಿಸಿ, ಅಲ್ಲಿನ ಆರ್ಟ್ ಡೈರೆಕ್ಟರ್‌ಗೆ ನಾಲ್ಕು ಸಾಲು ಬರೆಯಿರಿ. ಅವರ ಯಾವ ಕೆಲಸ ನೋಡಿದ್ದೀರಿ, ನಿಮ್ಮದು ಯಾವುದು ಅದಕ್ಕೆ ಹತ್ತಿರ, ಯಾವಾಗಿನಿಂದ ಸೇರಬಹುದು. ಅಷ್ಟೇ. ಹಳೆಯ ಏಜೆನ್ಸಿಯಲ್ಲಿ ಜೊತೆಗಿದ್ದವರಿಗೆ ಫೋನ್ ಮಾಡಿ. ಕೆಲಸ ಹೋಯಿತು ಅಂತ ನೇರವಾಗಿ ಹೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಟೆಸ್ಟ್ ಅಂತ ಚಿಕ್ಕದೊಂದು ಕೊಟ್ಟರೆ ಮಾಡಿ. ಪೂರ್ತಿ ಕ್ಯಾಂಪೇನ್ ಮಾಡಿ ತನ್ನಿ ಅಂದರೆ, ಅದಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿ.

ಹಾಗಾದರೆ ಬೆಂಗಳೂರಿಗೆ ಹೋಗಬೇಕಾ? ಒಂದೇ ವರ್ಷದ ಅನುಭವ ಇರುವ ನಿಮಗೆ ನನ್ನ ಉತ್ತರ: ಕಲಿಸುವವರ ಪಕ್ಕ ಕೂರುವ ಕೆಲಸ ಸಿಕ್ಕರೆ ಹೋಗಿ, ಸಂಬಳ ಸ್ವಲ್ಪ ಕಡಿಮೆಯಾದರೂ ಹೋಗಿ. ನಿಮ್ಮ ಡಿಸೈನ್ ಹಿಡಿದು "ಇದು ಯಾಕೆ ಇಲ್ಲಿದೆ?" ಅಂತ ದಿನಾ ಕೇಳುವ ಹಿರಿಯರು ಬೇಕು, ಅದು ಇಲ್ಲಿ ಒಬ್ಬರೇ ಕೂತು ಮಾಡುವಾಗ ಸಿಗುವುದಿಲ್ಲ. ಹಬ್ಬದ ಶುಭಾಶಯದ ಪೋಸ್ಟ್‌ಗಳನ್ನು ದಿನವಿಡೀ ಮಾಡುತ್ತಾ ಕೂರುವ ಕೆಲಸವಾದರೆ ಅದಕ್ಕಾಗಿ ಪಿಜಿ ಬಾಡಿಗೆ ಕಟ್ಟಬೇಡಿ, ಮಡಿಕೇರಿಯಲ್ಲೇ ಇದ್ದು ಮೇಲೆ ಹೇಳಿದ್ದನ್ನು ಮಾಡಿ. ಎರಡರಲ್ಲಿ ಯಾವುದು ಅಂತ ಇಂಟರ್‌ವ್ಯೂನಲ್ಲೇ ತಿಳಿಯುತ್ತದೆ. "ನನ್ನ ಕೆಲಸವನ್ನು ಯಾರು ನೋಡಿ ತಿದ್ದುತ್ತಾರೆ, ಅವರ ಜೊತೆ ಒಂದು ಸಲ ಮಾತಾಡಬಹುದಾ?" ಅಂತ ಕೇಳಿ. ಹೊಸ ಮೂರು ಕೆಲಸ ಸಿದ್ಧವಾದ ಮೇಲೆ ಲಿಂಕ್ ಇಲ್ಲೇ ಹಾಕಿ, ನೋಡಿ ಬರೆಯುತ್ತೇನೆ.