ಇಷ್ಟು ದಿನ ಕಡೆಗಣಿಸಿದ್ದ ಪತ್ರಿಕೆಗಳು ಈಗ ನಮ್ಮ ಫುಟ್‌ಬಾಲ್ ತಂಡವನ್ನು ಹೊಗಳುತ್ತಿವೆ. ಅಭಿಮಾನಿಗಳು ಹೇಗೆ ಉತ್ತರಿಸಬೇಕು?

ನಿಮ್ಮ ಬಳಗದವರೆಲ್ಲ ಸೇರಿ ಪತ್ರಿಕೆಗೊಂದು ಬಹಿರಂಗ ಪತ್ರ ಬರೆಯಲು ಹೊರಟಿದ್ದೀರೆಂದು ಓದಿ ನನಗೆ ನಗು ಬಂತು. ಅಂಥದ್ದೇ ಪತ್ರವೊಂದನ್ನು ನಾನು 2016ರ ಫೆಬ್ರುವರಿ 27ರ ಶನಿವಾರ, ಇಂಗ್ಲೆಂಡಿನ ಲೆಸ್ಟರ್ ನಗರದ ಕಿಂಗ್ ಪವರ್ ಕ್ರೀಡಾಂಗಣದ ಗೇಟಿನ ಹೊರಗೆ ನಿಂತು ಮೊಬೈಲಿನಲ್ಲಿ ಬರೆದಿದ್ದೆ. ಒಳಗೆ ಲೆಸ್ಟರ್ ಸಿಟಿ ಫುಟ್‌ಬಾಲ್ ತಂಡದ ಪಂದ್ಯ ನಡೆಯುತ್ತಿತ್ತು. ಟಿಕೆಟ್ ನನ್ನ ಜೇಬಿನಲ್ಲೇ ಇತ್ತು.

ಶಿವಮೊಗ್ಗದಿಂದ ಓದಲೆಂದು 2014ರಲ್ಲಿ ಲೆಸ್ಟರ್‌ಗೆ ಹೋದವನು ನಾನು. ಓದು ಮುಗಿದ ಮೇಲೂ ಕೆಲಸದ ನೆಪದಲ್ಲಿ ಅಲ್ಲಿಯೇ ಉಳಿದಿದ್ದೆ. ಬೆಲ್‌ಗ್ರೇವ್ ರಸ್ತೆಗೆ ಹತ್ತಿರದ ಒಂದು ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಮಾಲೀಕರು ಗುಜರಾತಿಯವರು. 1972ರಲ್ಲಿ ಇದಿ ಅಮೀನ್ ಏಷ್ಯನ್ನರನ್ನು ಉಗಾಂಡದಿಂದ ಹೊರದಬ್ಬಿದಾಗ ಲೆಸ್ಟರ್‌ಗೆ ಬಂದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಹಳೆಯ ಫಿಲ್ಬರ್ಟ್ ಸ್ಟ್ರೀಟ್ ಮೈದಾನದ ಕಾಲದಿಂದಲೂ ಲೆಸ್ಟರ್ ಸಿಟಿಯ ಪಂದ್ಯ ನೋಡುತ್ತ ಬಂದವರು ಅವರು. ತಂಡ 2008ರಲ್ಲಿ ಮೂರನೆಯ ದರ್ಜೆಗೆ ಜಾರಿದಾಗಲೂ ಸೀಸನ್ ಟಿಕೆಟ್ ಬಿಟ್ಟಿರಲಿಲ್ಲ. ನನಗೆ ಫುಟ್‌ಬಾಲ್ ಹುಚ್ಚು ಹಿಡಿಸಿದವರು ಅವರೇ.

2014ರ ಕ್ರಿಸ್‌ಮಸ್ ಹೊತ್ತಿಗೆ ಲೆಸ್ಟರ್, ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು ಹೇಗೋ 14ನೆಯ ಸ್ಥಾನದಲ್ಲಿ ಉಳಿದುಕೊಂಡಿತು. ಮುಂದಿನ ಋತುವಿಗೆ ಕ್ಲಾಡಿಯೊ ರನಿಯೇರಿ ತರಬೇತುದಾರರಾಗಿ ಬಂದಾಗ, ಲೆಸ್ಟರ್‌ನಲ್ಲೇ ಹುಟ್ಟಿ ಲೆಸ್ಟರ್‌ಗೇ ಆಡಿದ ಗ್ಯಾರಿ ಲಿನೆಕರ್ ಕೂಡ ‘ರನಿಯೇರಿಯಾ? ನಿಜವಾಗಿಯೂ?’ ಎಂಬರ್ಥದಲ್ಲಿ ಟ್ವೀಟ್ ಮಾಡಿದ್ದರು. ತಂಡ ಪ್ರಶಸ್ತಿ ಗೆಲ್ಲುತ್ತದೆಂದು ಪಂತ ಕಟ್ಟುವವರಿಗೆ ಬುಕ್ಕಿಗಳು ಒಂದಕ್ಕೆ 5000 ಕೊಡುತ್ತಿದ್ದರು. ನೀವು ‘ಕಡೆಗಣಿಸಿದ್ದರು’ ಎಂದು ಬರೆದಿದ್ದೀರಲ್ಲ, ಕಡೆಗಣಿಸುವುದೆಂದರೆ ಅದು.

ಆಮೇಲೆ ಗಾಳಿ ತಿರುಗಿತು. 2016ರ ಫೆಬ್ರುವರಿ 6ರಂದು ಮ್ಯಾಂಚೆಸ್ಟರ್ ಸಿಟಿಯನ್ನು ಅವರದೇ ಅಂಗಳದಲ್ಲಿ 3-1ರಿಂದ ಸೋಲಿಸಿದ ಮೇಲಂತೂ ಇಂಗ್ಲೆಂಡಿನ ಪತ್ರಿಕೆಗಳೆಲ್ಲ ಲೆಸ್ಟರ್‌ನ ಭಜನೆಗೆ ಕುಳಿತವು. ನಾನು ಖುಷಿಪಡಬೇಕಿತ್ತು, ಆದರೆ ನನಗೆ ಸಿಟ್ಟು ಬರತೊಡಗಿತು. ಹೊಗಳಿಕೆಯ ಧಾಟಿಯೇ ಹಾಗಿತ್ತು: ಇದೊಂದು ಅಡಗೂಲಜ್ಜಿ ಕಥೆ, ಪವಾಡ, ಪುಟ್ಟ ತಂಡದ ಪುಟ್ಟ ಕನಸು! ಹಬ್ಬದ ದಿನ ಬಡನೆಂಟರ ಮಗುವಿನ ತಲೆ ಸವರುತ್ತಾರಲ್ಲ, ಹಾಗೆ. ರಿಯಾದ್ ಮಹ್ರೆಜ್‌ನನ್ನು ಫ್ರಾನ್ಸಿನ ಎರಡನೆಯ ದರ್ಜೆಯ ಲ ಆವ್ರ್ ತಂಡದಿಂದ ಐದು ಲಕ್ಷ ಪೌಂಡಿಗಿಂತ ಕಡಿಮೆಗೆ ಹುಡುಕಿ ತಂದದ್ದು ಪವಾಡವೇ? ಜೇಮಿ ವಾರ್ಡಿಯನ್ನು ಮೇಲಿನ ನಾಲ್ಕು ದರ್ಜೆಗಳ ಲೀಗಿನ ಆಚೆಗಿದ್ದ ಫ್ಲೀಟ್‌ವುಡ್ ತಂಡದಿಂದ, ಎನ್‌ಗೊಲೊ ಕಾಂಟೆಯನ್ನು ಫ್ರಾನ್ಸಿನ ಕಾನ್ ತಂಡದಿಂದ ಆರಿಸಿ ತಂದ, ಆಟಗಾರರನ್ನು ಹುಡುಕುವ ಹೊಣೆ ಹೊತ್ತಿದ್ದ ಸ್ಟೀವ್ ವಾಲ್ಶ್ ಮತ್ತು ಅವರ ಸಂಗಡಿಗರ ಕಣ್ಣಿಗೆ ಬೆಲೆಯಿಲ್ಲವೇ? ಇವನ್ನೆಲ್ಲ ಯಾರಿಗಾದರೂ ತಿಳಿಹೇಳಬೇಕೆಂಬ ಚಟ ನನಗೆ ಅಂಟಿತು. ಲೇಖನಗಳ ಕೆಳಗೆ ದಿನಕ್ಕೆ ನಾಲ್ಕೈದು ಪ್ರತಿಕ್ರಿಯೆ ಬರೆಯುತ್ತಿದ್ದೆ. ರಾತ್ರಿ ಊಟಕ್ಕೆ ಕುಳಿತರೂ ತಲೆಯೊಳಗೆ ಯಾವನೋ ಅಂಕಣಕಾರನೊಂದಿಗೆ ವಾದ ನಡೆದೇ ಇರುತ್ತಿತ್ತು.

ಫೆಬ್ರುವರಿ 27ರ ಆ ವಾರ ಕಾಕಾರ ಮಗನಿಗೆ ಜ್ವರ ಬಂದು ಅವನ ಸೀಟು ನನಗೆ ಸಿಕ್ಕಿತು. ಆ ಋತುವಿನಲ್ಲಿ ನನ್ನಂಥವನಿಗೆ ಟಿಕೆಟ್ ಸಿಗುವುದೆಂದರೆ ಸಾಮಾನ್ಯ ಮಾತಲ್ಲ. ಇಡೀ ವರ್ಷದಲ್ಲಿ ನಾನು ಮೈದಾನಕ್ಕೆ ಹೋದ ಪಂದ್ಯ ಅದೊಂದೇ. ಎದುರಾಳಿ ನಾರ್ವಿಚ್. ಎರಡು ವಾರದ ಹಿಂದೆ ಆರ್ಸೆನಲ್ ವಿರುದ್ಧ 95ನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟು ಸೋತಿದ್ದ ಲೆಸ್ಟರ್ ಈ ಪಂದ್ಯವನ್ನು ಗೆಲ್ಲಲೇಬೇಕಿತ್ತು. ನಾರ್ವಿಚ್ ಒಂದಿಷ್ಟೂ ಜಾಗ ಕೊಡಲಿಲ್ಲ. ವಿರಾಮದ ಹೊತ್ತಿಗೆ 0-0.

ನನ್ನ ತಪ್ಪು ಶುರುವಾದದ್ದು ಆ ವಿರಾಮದಲ್ಲಿ. ಅದನ್ನು ತುಸು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಅದು ಒಂದೇ ಏಟಿಗೆ ಆದ ತಪ್ಪಲ್ಲ, ಒಂದೊಂದೇ ಮೆಟ್ಟಿಲು ಇಳಿದು ಮಾಡಿದ ತಪ್ಪು. ಮೊದಲು, ಬೆಂಗಳೂರಿನ ಗೆಳೆಯನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲೇಖನ ಕಳಿಸಿದ. ಲಂಡನ್ನಿನ ಪತ್ರಿಕೆಯೊಂದರ ಹೊಗಳಿಕೆಯ ಲೇಖನ. ಮತ್ತದೇ ಅಡಗೂಲಜ್ಜಿ, ಮತ್ತದೇ ಪವಾಡ. ಓದದೆ ಬಿಡಬಹುದಿತ್ತು, ಓದಿದೆ. ಓದಿದವನು ಪಂದ್ಯ ಮುಗಿದ ಮೇಲೆ ಉತ್ತರಿಸಬಹುದಿತ್ತು, ಆದರೆ ದ್ವಿತೀಯಾರ್ಧ ಶುರುವಾದ ಮೇಲೂ ಕಣ್ಣು ಮೈದಾನದ ಮೇಲಿದ್ದು ಮನಸ್ಸು ವಾಕ್ಯ ಜೋಡಿಸುತ್ತಿತ್ತು. ಸೀಟಿನಲ್ಲೇ ಕುಳಿತು ಬರೆಯತೊಡಗಿದೆ. ಮೂವತ್ತೆರಡು ಸಾವಿರ ಜನರ ನಡುವೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಬರೆದದ್ದು ಹೋಗಲೇ ಇಲ್ಲ. ಶೌಚಾಲಯಕ್ಕೆಂದು ಕಾಕಾರಿಗೆ ಸುಳ್ಳು ಹೇಳಿ, ಸ್ಟ್ಯಾಂಡಿನ ಕೆಳಗೆ ಚಹಾ ಮತ್ತು ಬಿಯರ್ ಮಾರುವ ಪಡಸಾಲೆಗೆ ಇಳಿದೆ. ಅಲ್ಲೂ ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಪಂದ್ಯದ ಕೊನೆಯ ಹೊತ್ತೆಂದು ಹೊರಹೋಗುವ ಗೇಟುಗಳನ್ನು ತೆರೆದಿದ್ದರು. ಎರಡೇ ಹೆಜ್ಜೆ ಹೊರಗಿಟ್ಟರೆ ಸಿಗ್ನಲ್ ಸಿಗುತ್ತದೆ ಎಂದುಕೊಂಡೆ. ಎರಡು ಹೆಜ್ಜೆ ಇಟ್ಟೆ. ಸಿಕ್ಕಿತು. ಹೊರಬಿದ್ದವರಿಗೆ ಮರುಪ್ರವೇಶವಿಲ್ಲ ಎಂಬ ನಿಯಮ ಟಿಕೆಟ್ಟಿನ ಹಿಂಬದಿಯಲ್ಲೇ ಅಚ್ಚಾಗಿತ್ತು. ಮಹ್ರೆಜ್‌ನ ಬೆಲೆಯನ್ನು ಬಾಯಿಪಾಠ ಮಾಡಿದ್ದ ಪಂಡಿತ ಅದನ್ನು ಓದಿರಲಿಲ್ಲ.

‘ಕಳಿಸು’ ಒತ್ತಿದೆ. ಅಂಗೈ ಊರಿದ್ದ ಗೋಡೆ ನಡುಗಿದಂತಾಯಿತು, ಮರುಕ್ಷಣ ಸದ್ದು ಬಂತು. ಅದು ಕೇಕೆಯಲ್ಲ, ಚಪ್ಪಾಳೆಯಲ್ಲ. ಮುಂಗಾರಿನಲ್ಲಿ ಶರಾವತಿ ಧುಮುಕುವ ಸದ್ದನ್ನು ಹತ್ತಿರದಿಂದ ಕೇಳಿದವರಿಗೆ ಮಾತ್ರ ಹೇಳಬಹುದಾದ ಸದ್ದು. 89ನೆಯ ನಿಮಿಷ: ಅಂಚಿನಿಂದ ಗೋಲಿನ ಮುಂದಕ್ಕೆ ಆಲ್‌ಬ್ರೈಟನ್‌ ಒದ್ದ ಕ್ರಾಸ್, ಬದಲಿ ಆಟಗಾರ ಲಿಯೊನಾರ್ಡೊ ಉಯೋವಾನ ಗೋಲು. ನಾನು ಗೇಟಿನತ್ತ ಓಡಿದೆ. ಹಳದಿ ಕೋಟಿನ ಸಿಬ್ಬಂದಿ ಕೈ ಅಡ್ಡ ಹಿಡಿದ. ಟಿಕೆಟ್ ತೋರಿಸಿದೆ, ಬೇಡಿಕೊಂಡೆ. ಆತ ಒಳಗೆ ಕುಣಿಯುತ್ತಿರುವವರತ್ತ ಒಮ್ಮೆ ತಿರುಗಿ, ನನ್ನನ್ನು ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿದ. ಆಗ ಮೊಬೈಲ್ ಟಿಂಗೆಂದಿತು. ನನ್ನ ಇನ್ನೂರು ಪದಗಳ ಪ್ರತಿಕ್ರಿಯೆಗೆ ಯಾರೋ ಅಪರಿಚಿತರು ಬರೆದಿದ್ದರು: ‘ಈಗಷ್ಟೇ ಗೋಲು ಹೊಡೆದರು, ನೀವು ಪಂದ್ಯ ನೋಡುತ್ತಿಲ್ಲವೇ?’

ಗಾಯಕ್ಕೆ ಉಪ್ಪು ಸವರಿದ್ದು ಆಮೇಲೆ ಬಂದ ಸುದ್ದಿ. ಲೆಸ್ಟರ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿದ್ಯಾರ್ಥಿಗಳು ಕ್ರೀಡಾಂಗಣಕ್ಕೆ ಹತ್ತಿರದ ಶಾಲೆಯೊಂದರಲ್ಲಿ ಭೂಕಂಪನ ಅಳೆಯುವ ಯಂತ್ರವಿಟ್ಟಿದ್ದರು. ಆ ಗೋಲಿಗೆ ಜನ ಒಟ್ಟಿಗೆ ಎದ್ದು ಕುಣಿದ ರಭಸಕ್ಕೆ ಅದರಲ್ಲಿ 0.3 ತೀವ್ರತೆಯ ಕಂಪನ ದಾಖಲಾಗಿತ್ತು. ಕಾಕಾ ಅಡುಗೆಮನೆಯ ಮೇಜಿನ ಬಳಿ ಕುಳಿತು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ಸಿಪ್ಪೆ ಬೀಳಲೆಂದು ಹಾಸಿದ್ದು ಅಂದಿನ ಪತ್ರಿಕೆಯನ್ನೇ. ಯಾವುದೋ ದೊಡ್ಡ ತಲೆಬರಹದ ಹೊಗಳಿಕೆಯ ನಡುವೆ ವಾರ್ಡಿಯ ಅರ್ಧ ಮುಖ ಸಿಪ್ಪೆಯಲ್ಲಿ ಮುಚ್ಚಿಹೋಗಿತ್ತು. ನಾನು ಈ ಸುದ್ದಿಯನ್ನು ಓದಿ ಹೇಳಿದಾಗ ಅವರು ತಲೆಯೆತ್ತದೆ, ‘ಭೂಮಿಗೇ ಗೊತ್ತಾಯಿತು ಬೇಟಾ, ನಿನಗೊಬ್ಬನಿಗೆ ಗೊತ್ತಾಗಲಿಲ್ಲ’ ಎಂದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೇಗೆ ಉತ್ತರಿಸಬೇಕೆಂದು ಕೇಳಿದ್ದೀರಿ. ಉತ್ತರಿಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಮಾಧ್ಯಮದ ಹೊಗಳಿಕೆ ನಿಮ್ಮ ತಂಡಕ್ಕೆ ಬರಬೇಕಾದ ಬಾಕಿ ಹಣ, ಅದನ್ನು ಬಡ್ಡಿಸಮೇತ, ಸರಿಯಾದ ಮಾತುಗಳಲ್ಲಿ ವಸೂಲು ಮಾಡಬೇಕು ಎಂದು ನೀವು ಎಣಿಸಿದಂತಿದೆ. ಯಾರೂ ನಿಮ್ಮಿಂದ ಸಾಲ ಪಡೆದಿಲ್ಲ. ನಿನ್ನೆಯವರೆಗೆ ನಿಮ್ಮನ್ನು ನೋಡದವರು ಇಂದು ತಪ್ಪುತಪ್ಪಾಗಿ ಹೊಗಳುತ್ತಾರೆ, ನಾಳೆ ಸೋತರೆ ಅಷ್ಟೇ ಸಲೀಸಾಗಿ ಮರೆಯುತ್ತಾರೆ. ಲೆಸ್ಟರ್ ಪ್ರಶಸ್ತಿ ಗೆದ್ದು ಹತ್ತು ತಿಂಗಳಾಗುವಷ್ಟರಲ್ಲಿ, 2017ರ ಫೆಬ್ರುವರಿಯಲ್ಲಿ, ರನಿಯೇರಿಯನ್ನೇ ಮನೆಗೆ ಕಳಿಸಿದರು. ಹೊಗಳಿಕೆಯ ಲೇಖನಗಳ ಕಟ್ಟು ಅವರ ಕೆಲಸ ಉಳಿಸಲಿಲ್ಲ.

ಹೊಗಳಿಕೆಯಿಂದ ತಂಡಕ್ಕೆ ದೃಷ್ಟಿ ತಾಗೀತೇ ಎಂಬ ಭಯವನ್ನೂ ತೋಡಿಕೊಂಡಿದ್ದೀರಿ. ಲೆಸ್ಟರ್‌ನಲ್ಲಿ ಇಂಥ ನಂಬಿಕೆಗಳಿಗೇನೂ ಬರವಿರಲಿಲ್ಲ. ಕಾರು ನಿಲ್ದಾಣದ ಅಡಿಯಲ್ಲಿ ಸಿಕ್ಕ ಮೂರನೆಯ ರಿಚರ್ಡ್ ದೊರೆಯ ಅಸ್ಥಿಗಳನ್ನು 2015ರ ಮಾರ್ಚ್‌ನಲ್ಲಿ ವಿಧಿವತ್ತಾಗಿ ಸಮಾಧಿ ಮಾಡಿದ ಮೇಲೆಯೇ ತಂಡದ ಅದೃಷ್ಟ ಖುಲಾಯಿಸಿತು ಎನ್ನುವವರಿದ್ದರು. ಥಾಯ್ಲೆಂಡಿನ ಮಾಲೀಕರು ಬೌದ್ಧ ಭಿಕ್ಷುಗಳನ್ನು ಕರೆಸಿ ಆಶೀರ್ವಾದ ಮಾಡಿಸುತ್ತಿದ್ದರು. ಆದರೆ ಇಡೀ ದೇಶದ ಕಣ್ಣು ನೆಟ್ಟಿದ್ದ ಕೊನೆಯ ಹನ್ನೆರಡು ಪಂದ್ಯಗಳಲ್ಲಿ ಆ ತಂಡ ಒಂದನ್ನೂ ಸೋಲಲಿಲ್ಲ.

ಹೊಗಳಿಕೆಯಿಂದ ಬದಲಾಗುವುದು ಒಂದೇ, ಅದು ಎದುರಾಳಿಯ ಆಟ. ಸಣ್ಣ ತಂಡವೆಂದು ಬಗೆದು ಮುನ್ನುಗ್ಗಿ ಬಂದವರೆಲ್ಲ ಹಿಂದೆ ಬಯಲು ಬಿಟ್ಟು ಬರುತ್ತಿದ್ದರು. ವಾರ್ಡಿಗೆ ಓಡಲು ಬೇಕಾಗಿದ್ದುದು ಆ ಬಯಲೇ. ಹೆಸರು ಬಂದ ಮೇಲೆ ಬಯಲು ಮುಚ್ಚಿತು. ಆಗ ಲೆಸ್ಟರ್ 1-0ರಲ್ಲಿ ಗೆಲ್ಲುವುದನ್ನು ಕಲಿಯಿತು: ವಾಟ್‌ಫರ್ಡ್, ನ್ಯೂಕ್ಯಾಸಲ್, ಕ್ರಿಸ್ಟಲ್ ಪ್ಯಾಲೇಸ್, ಸೌತಾಂಪ್ಟನ್, ಸತತ ನಾಲ್ಕೂ ಹಾಗೆಯೇ. ನಿಮ್ಮ ತಂಡದ ಎದುರಾಳಿಗಳೂ ಈಗ ಹಿಂದೆ ಸರಿದು ಆಡತೊಡಗಿದ್ದಾರೆಯೇ ಎಂಬುದನ್ನು ಗಮನಿಸಿ. ಪತ್ರಿಕೆಯ ಯಾವ ವಿಶೇಷಣಕ್ಕಿಂತಲೂ ಅದು ರುಚಿಯಾದ ವಿಷಯ, ಮತ್ತು ಅದು ಕಾಣುವುದು ಸೀಟಿನಲ್ಲಿ ಕುಳಿತವರಿಗೆ ಮಾತ್ರ.

2016ರ ಮೇ 2ರ ರಾತ್ರಿ ಚೆಲ್ಸಿ ಮತ್ತು ಟಾಟನ್‌ಹ್ಯಾಮ್ ಆಡುತ್ತಿದ್ದಾಗ ಕಾಕಾರ ಮುಂಗೋಣೆಯಲ್ಲಿ ಹದಿನಾಲ್ಕು ಜನ ಸೇರಿದ್ದೆವು. ಪಟ್ಟಿಯಲ್ಲಿ ನಮ್ಮ ಹಿಂದೆಯೇ ಇದ್ದ ಟಾಟನ್‌ಹ್ಯಾಮ್ ಗೆಲ್ಲದಿದ್ದರೆ ಪ್ರಶಸ್ತಿ ನಮ್ಮದು. ಒಳಗೆ ಬಂದ ಕೂಡಲೇ ಕಾಕಾ ಏನೂ ಹೇಳದೆ ನನ್ನತ್ತ ಕೈ ಚಾಚಿದರು. ಮೊಬೈಲ್ ಕೊಟ್ಟೆ. ಅವರು ಅದನ್ನು ಅಡುಗೆಮನೆಗೆ ಒಯ್ದು ಅಕ್ಕಿಯ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ಬಂದರು. 2-0ರಿಂದ ಹಿಂದಿದ್ದ ಚೆಲ್ಸಿಗೆ 83ನೆಯ ನಿಮಿಷದಲ್ಲಿ ಎಡೆನ್ ಅಜಾರ್ ಸಮಬಲ ತಂದುಕೊಟ್ಟಾಗ ಚೆಂಡು ಬಲೆಯ ಮೇಲ್ಮೂಲೆಗೆ ತಿರುಗಿಹೋದದ್ದನ್ನು ನಾನು ಕಣ್ಣಾರೆ ಕಂಡೆ. ಮೊಬೈಲ್ ನೆನಪಾದದ್ದು ಮರುದಿನ, ಅನ್ನಕ್ಕಿಡಲು ಡಬ್ಬಿ ತೆಗೆದಾಗ.

ನಿಮ್ಮ ಮುಂದಿನ ಪಂದ್ಯ ಶನಿವಾರವೆಂದು ಬರೆದಿದ್ದೀರಿ. ಪತ್ರ ಬರೆದೇ ತೀರುತ್ತೇವೆ ಎಂದಾದರೆ ಭಾನುವಾರ ಬರೆಯಿರಿ.